ಸೈಕಲ್ ದಾರಿಗೆ ಬಿಗಿದ ರೇಷ್ಮೆ

ಇರುವೆ ಸಾಲು ಕಂಡರೆ ಸುತ್ತಿ ಹೋಗುವ ಮನುಷ್ಯ ನಮ್ಮಪ್ಪ. ಅಂಥವನು ಚಳ್ಳಕೆರೆಯ ಮರಗಳ ಪಾರ್ಕಿನಲ್ಲಿ ಒಂದು ಬೆಳಿಗ್ಗೆ ಸೈಕಲ್ ದಾರಿಗೆ ಅಡ್ಡಲಾಗಿ, ಮನುಷ್ಯರ ಕುತ್ತಿಗೆಯ ಮಟ್ಟಕ್ಕೆ ರೇಷ್ಮೆ ಎಳೆ ಬಿಗಿದು ನಿಂತಿದ್ದ.

ಅಪ್ಪ ಮೊಳಕಾಲ್ಮೂರಿನ ನೇಕಾರ. ನಡುಮನೆಯಲ್ಲೇ ಕುಣಿ ತೋಡಿ ಕೂರಿಸಿದ ಮಗ್ಗ. ಹನ್ನೆರಡನೇ ವಯಸ್ಸಿಗೆ ಆ ಕುಣಿಗೆ ಕಾಲು ಇಳಿಬಿಟ್ಟವನು ಅರವತ್ತು ದಾಟಿದರೂ ಊಟಕ್ಕೆ, ನಿದ್ದೆಗೆ ಬಿಟ್ಟರೆ ಎದ್ದಿರಲಿಲ್ಲ. ಹೋದ ವರ್ಷ ಎಡಗಾಲಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ದಿನಾ ಒಂದು ತಾಸು ನಡೆಯಲೇಬೇಕು, ಇಲ್ಲದಿದ್ದರೆ ಈ ಕಾಲು ಮತ್ತೆ ಮಗ್ಗ ತುಳಿಯುವುದಿಲ್ಲ ಅಂದರು ಡಾಕ್ಟರು. ನಾನು ಚಳ್ಳಕೆರೆಯಲ್ಲಿ ಹೈಸ್ಕೂಲು ಟೀಚರು. ಅವ್ವನಿಗೆ ಒಂದು ಮಾತು ಹೇಳಿ, ಅಪ್ಪನಿಗೆ ಎರಡು ಮಾತು ಬೈದು, ನನ್ನ ಮನೆಗೆ ಕರೆತಂದೆ.

ಊರ ಹೊರಗಿನ ಪಾರ್ಕು ನಮ್ಮ ಬಿಸಿಲು ಸೀಮೆಗೆ ದೊಡ್ಡ ಸಂಗತಿಯೇ. ಬೇವು, ಹೊಂಗೆ, ತಪಸಿ, ಬಿದಿರು. ನಡೆಯುವವರಿಗೆ ಕಲ್ಲು ಹಾಸಿದ ದಾರಿ, ಸೈಕಲ್ಲಿನವರಿಗೆ ಕೆಮ್ಮಣ್ಣಿನ ದಾರಿ ಬೇರೆ. ಬೆಳಿಗ್ಗೆ ಆರಕ್ಕೆಲ್ಲ ಅರ್ಧ ಚಳ್ಳಕೆರೆ ಅಲ್ಲಿ ಬೆವರು ಒರೆಸಿಕೊಳ್ಳುತ್ತಿರುತ್ತದೆ. ಮೊದಲ ದಿನ ಅಪ್ಪ ಅವರನ್ನೆಲ್ಲ ನೋಡಿ ಬೆರಗಾದ.

"ವೀಳ್ಳಂತಾ ಎಕ್ಕಡಿಕಿ ಪೋತಾರಮ್ಮಾ?" ಅಂದ. ಮನೆಯಲ್ಲಿ ನಮ್ಮದು ತೆಲುಗು. ಇವರೆಲ್ಲ ಎಲ್ಲಿಗೆ ಹೋಗ್ತಾರೆ ಅಂತ ಕೇಳಿದ್ದು.

ಎಲ್ಲಿಗೂ ಇಲ್ಲ, ಸುತ್ತು ಹಾಕಿ ಇಲ್ಲಿಗೇ ಬರ್ತಾರೆ ಅಂದೆ. ಅಪ್ಪ ನನ್ನ ಮುಖವನ್ನೇ ನೋಡಿದ. ಕೆಲಸವಿಲ್ಲದೆ ನಡೆಯುವುದು ಅವನ ಪ್ರಕಾರ ನಾಚಿಕೆಗೇಡು. ಇಪ್ಪತ್ತು ಹೆಜ್ಜೆ ಇಡುತ್ತಿದ್ದ, ಕಲ್ಲುಬೆಂಚು ಹಿಡಿಯುತ್ತಿದ್ದ. ನಾನು ಗದರುತ್ತಿದ್ದೆ, ಅವನು ಮರದ ಕಡೆ ನೋಡುತ್ತಿದ್ದ. ಹತ್ತು ದಿನ ಹೀಗೇ ಹೋಯಿತು. ನನಗೆ ರೇಗಿಹೋಗಿತ್ತು. ಕಾಲು ನಿನ್ನದು, ಮಗ್ಗ ನಿನ್ನದು, ನನಗೇನು ಅಂತ ಹೇಳಿ ನಾನು ಒಬ್ಬಳೇ ಸುತ್ತು ಹಾಕತೊಡಗಿದೆ.

ಅವನ ಕೈಚೀಲದಲ್ಲಿ ಟವೆಲ್ಲು, ನೀರಿನ ಬಾಟಲಿ ಇದೆ ಅಂದುಕೊಂಡಿದ್ದೆ. ಅದರ ತಳದಲ್ಲಿ ಮೂರು ಸೀರೆಗಾಗುವ ಹಾಸು ಇತ್ತು. ಹಾಸು ಅಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳು, ಸಾವಿರಾರು. ಅವ್ವ ವಾರಗಟ್ಟಲೆ ರಾಟೆ ಮುಂದೆ ಕೂತು ಸುತ್ತಿಕೊಟ್ಟ ನೇರಳೆ ಬಣ್ಣದ ರೇಷ್ಮೆ. ಕಾಲು ಬಿದ್ದ ದಿನ ಮಗ್ಗಕ್ಕೆ ಏರದೆ ನಿಂತದ್ದನ್ನು ಅಪ್ಪ ಬಟ್ಟೆಯ ಜೊತೆ ಕಟ್ಟಿಕೊಂಡು ಬಂದುಬಿಟ್ಟಿದ್ದ.

ಮಗ್ಗಕ್ಕೆ ಏರಿಸುವ ಮೊದಲು ಹಾಸನ್ನು ಉದ್ದಕ್ಕೆ ಬಿಗಿದು, ಹರಿದ ಎಳೆ ಹುಡುಕಿ ಗಂಟು ಹಾಕಬೇಕು. ಮನೆಯೊಳಗೆ ಅಷ್ಟು ಜಾಗ ಎಲ್ಲಿ? ಅದಕ್ಕೇ ನಮ್ಮಲ್ಲಿ ಬಿಸಿಲೇರುವ ಮುಂಚೆ ಬೀದಿಯಲ್ಲೇ ಬಿಗಿಯುತ್ತಾರೆ. ಬೀದಿಯಲ್ಲಿ ಹಾಸು ಬಿಗಿದರು ಅಂದರೆ ಮುಗಿಯಿತು, ಸೈಕಲ್ಲಿನವನು ಇಳಿದು ತಳ್ಳಿಕೊಂಡು ಹೋಗುತ್ತಾನೆ, ಹಾಲಿನವನು ಸುತ್ತಿ ಬರುತ್ತಾನೆ, ಎಮ್ಮೆ ಬಂದರೆ ಯಾರ ಮನೆಯವರಾದರೂ ಹೊರಗೆ ಬಂದು ತಿರುಗಿಸುತ್ತಾರೆ. ಯಾರೂ ಹೇಳಬೇಕಾಗಿಲ್ಲ. ಇಡೀ ಜಗತ್ತು ಹೀಗೇ ಇಳಿದು ನಡೆಯುತ್ತದೆ ಅಂತ ಅಪ್ಪ ನಂಬಿದ್ದ.

ಆ ಬೆಳಿಗ್ಗೆ ನಾನು ಸುತ್ತು ಮುಗಿಸಿ ಬಂದಾಗ ಬೆಂಚು ಖಾಲಿ. ಆಮೇಲೆ ಕಂಡ. ಸೈಕಲ್ ದಾರಿ ತಿರುಗುವ ಕಡೆ, ಈಚೆಯ ಹೊಂಗೆಯಿಂದ ಆಚೆಯ ಬೇವಿಗೆ ಹಾಸು ಬಿಗಿದಿದ್ದ. ಎರಡು ಮರಗಳ ನಡುವೆ ಅರವತ್ತು ಅಡಿಯಾದರೂ ಇತ್ತು. ಬಿಗಿಯಲು ಎಷ್ಟು ಸಲ ಹೋಗಿ ಬಂದಿರಬೇಕು! ನನಗಾಗಿ ಇಪ್ಪತ್ತು ಹೆಜ್ಜೆ ಇಡದವನು ಒಂದು ಹಾಸಿಗಾಗಿ ಅಷ್ಟು ನಡೆದಿದ್ದ. ನಗಬೇಕೋ ಬಯ್ಯಬೇಕೋ ತಿಳಿಯದೆ ನಿಂತೆ. ಅಪ್ಪ ಹೊಂಗೆಯ ಬಳಿ ನಿಂತು ಎಳೆ ಗಂಟು ಹಾಕುತ್ತಿದ್ದ, ಅವನ ಮುಖದಲ್ಲಿ ತಿಂಗಳುಗಟ್ಟಲೆ ಕಾಣದ ಗೆಲುವು.

ಅಷ್ಟರಲ್ಲಿ ತಿರುವಿನಿಂದ ಸೈಕಲ್ ಬಂತು, ಮೇಲೆ ಒಬ್ಬ ಹುಡುಗಿ. ಕಿವಿಗೆ ಇಯರ್‌ಫೋನು, ಬಗ್ಗಿಸಿದ ತಲೆ, ಸೊಯ್ಯನೆ ಬರುವ ವೇಗ. ಮರದ ನೆರಳಿನಲ್ಲಿ ನೇರಳೆ ರೇಷ್ಮೆ ಇದ್ದೂ ಇಲ್ಲದಂತೆ ಕಾಣುತ್ತಿತ್ತು. ನಾನು ಕಿರುಚಿದೆನೋ ಇಲ್ಲವೋ, ಧ್ವನಿ ಹೊರಟ ನೆನಪಿಲ್ಲ. ಅಪ್ಪ ತಲೆ ಎತ್ತಿದ. ಸೈಕಲ್ ನಿಲ್ಲುವುದಿಲ್ಲ ಅಂತ ಅವನಿಗೆ ಹೊಳೆದದ್ದು ನನಗೆ ಕಂಡಿತು. ಮರುಕ್ಷಣ ಅವನು ಹಾಸಿನ ಮೇಲೆ ಬಿದ್ದ.

ಕಾಲು ಜಾರಿ ಅಲ್ಲ. ಬೇಕಂತಲೇ, ಎರಡೂ ಕೈ ಚಾಚಿ, ಮೈಭಾರವನ್ನೆಲ್ಲ ಹಾಕಿ ಬಿದ್ದ. ಹಾಸಿನ ಎಳೆಗೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮ್ಮಪ್ಪ. ರೇಷ್ಮೆ ನೆಲಕ್ಕೆ ಬಂತು, ಎಳೆಗಳು ಪಟಪಟ ಹರಿದವು, ಎಳೆ ಬೇರ್ಪಡಿಸಲು ತೂರಿಸಿದ್ದ ಕೋಲುಗಳು ಹಾರಿಬಿದ್ದವು. ಆ ಕೋಲು ಜಾರಿದ ಮೇಲೆ ಯಾವ ಎಳೆ ಯಾವುದರ ಪಕ್ಕ ಅಂತ ದೇವರಿಗೂ ತಿಳಿಯುವುದಿಲ್ಲ. ಹಾಸು ಸತ್ತಂತೆಯೇ. ಸೈಕಲ್ ಅದರ ಮೇಲೆ ಹತ್ತಿ, ಚಕ್ರಕ್ಕೆ ರೇಷ್ಮೆ ಸುತ್ತಿಕೊಂಡು, ಪಕ್ಕಕ್ಕೆ ಉರುಳಿತು. ಹುಡುಗಿಯ ಮೊಣಕೈ ತರಚಿತು, ಅಷ್ಟೇ. ಕುತ್ತಿಗೆ ಉಳಿಯಿತು.

ಎದ್ದು ಕೂತವಳನ್ನು ನೋಡಿ ನನಗೆ ಮತ್ತೊಂದು ಪೆಟ್ಟು. ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನವಳು.

"ಮಿಸ್! ನೋಡ್ರಿ ಮಿಸ್, ಯಾರೋ ಹುಚ್ಚ ದಾರ ಕಟ್ಯಾನೆ. ನನ್ ಕುತ್ಗೆ ಹೋಗ್ತಿತ್ತು ಮಿಸ್," ಅಂತ ಓಡಿಬಂದು ನನ್ನ ಕೈ ಹಿಡಿದು ಅಳತೊಡಗಿದಳು.

ನಡೆಯುತ್ತಿದ್ದವರೆಲ್ಲ ಸೇರಿದರು. ಅವರಲ್ಲಿ ಅರ್ಧ ಜನ ನನಗೆ ಗೊತ್ತಿದ್ದವರು, ನಮ್ಮ ಶಾಲೆ ಮಕ್ಕಳ ತಂದೆತಾಯಿಯರು, ನಾನು ಒಬ್ಬಳೇ ಸುತ್ತು ಹಾಕುವುದನ್ನಷ್ಟೇ ಕಂಡವರು. ವಾಚ್‌ಮನ್ ಹುಲ್ಲು ಕೊಯ್ಯುವ ಕುಡುಗೋಲು ತಂದು ಚಕ್ರದಿಂದ ರೇಷ್ಮೆಯನ್ನು ಕಚಕಚ ಕೊಯ್ದು ಎಳೆದು ಬಿಸಾಡಿದ. ಅಪ್ಪ ಮಣ್ಣಿನಲ್ಲಿ ಕೂತು ಅದನ್ನು ನೋಡುತ್ತಿದ್ದ.

"ಯಾರ ಕಡೆಯೋನಯ್ಯಾ ನೀನು? ಯಾರ ಜೊತೆ ಬಂದೀಯಾ?" ವಾಚ್‌ಮನ್ ಕೇಳಿದ.

ಈಗ ಹೇಳಬೇಕಿತ್ತು. ನಮ್ಮಪ್ಪ, ಅಂತ ಒಂದೇ ಮಾತು. ಶಾಲೆಯ ವಾರ್ಷಿಕೋತ್ಸವಕ್ಕೆ ಅವನು ನೇಯ್ದ ಸೀರೆ ಉಟ್ಟು, ನಮ್ಮಪ್ಪನ ಕೈಕೆಲಸ ಅಂತ ಎಲ್ಲರೆದುರು ಸೆರಗು ಬಿಡಿಸಿ ತೋರಿಸಿದವಳು ನಾನು. ಅಂದು ಹತ್ತು ಸಲ ಹೇಳಿದ ಮಾತನ್ನು ಈಗ ಒಂದು ಸಲವೂ ಹೇಳಲಿಲ್ಲ. ಹುಡುಗಿ ನನ್ನ ಭುಜಕ್ಕೆ ಒರಗಿ ಅಳುತ್ತಿದ್ದಳು. ಎಲ್ಲರೂ ಅಪ್ಪನನ್ನು ನೋಡುತ್ತಿದ್ದರು, ಅಪ್ಪ ನನ್ನನ್ನು ನೋಡಿದ. ಒಂದೇ ಸಲ. ನಾನು ಹುಡುಗಿಯ ಮೊಣಕೈ ನೋಡತೊಡಗಿದೆ.

"ಯಾರ ಜೊತೆನೂ ಇಲ್ಲಪ್ಪ. ಒಬ್ನೇ ಬಂದೀನಿ. ತಪ್ಪಾಯ್ತು," ಅಂದ ಅಪ್ಪ.

ನಾನು ಇಂಥವಳು ಅಂತ ನನಗೇ ಗೊತ್ತಿರಲಿಲ್ಲ. ಅಪ್ಪ ಹೊಂಗೆಯ ಬುಡ ಹಿಡಿದು ಎದ್ದ, ಹುಡುಗಿಗೆ ಕೈಮುಗಿದ, ಹಾಸಿಲ್ಲದ ಚೀಲ ತೆಗೆದುಕೊಂಡು ಗೇಟಿನ ಕಡೆ ಹೊರಟ. ಎಡಗಾಲು ಎಳೆಯುತ್ತಿತ್ತು. ಒಂದು ಬೆಂಚು ದಾಟಿದ, ಕೂರಲಿಲ್ಲ. ಎರಡು, ಮೂರು ದಾಟಿದ. ನಾನು ನಲ್ಲಿಯ ಬಳಿ ಹುಡುಗಿಯ ಗಾಯ ತೊಳೆಯುತ್ತಾ, ಅವನು ಮರಗಳ ನಡುವೆ ಕಾಣದಾಗುವವರೆಗೂ ನೋಡುತ್ತಲೇ ಇದ್ದೆ. ಅವನು ನಡೆಯಲಿ ಅಂತ ಅಷ್ಟು ದಿನ ಹಟ ಹಿಡಿದವಳು ನಾನೇ.

ಹುಡುಗಿಯನ್ನು ಸಮಾಧಾನ ಮಾಡಿ ಹೊರಗೆ ಓಡಿಬಂದಾಗ ಅಪ್ಪ ಮುಖ್ಯರಸ್ತೆಯವರೆಗೆ ಹೋಗಿ ಮೊಳಕಾಲ್ಮೂರಿನ ಬಸ್ಸಿಗೆ ಕಾಯುತ್ತಿದ್ದ. ಅಂಗಿಯ ತುಂಬ ಕೆಮ್ಮಣ್ಣು, ಗುಂಡಿಗೆ ಸಿಕ್ಕಿಕೊಂಡ ನಾಲ್ಕು ನೇರಳೆ ಎಳೆ. ಬೇಗ ಬೇಗ ಅವನ ಹತ್ತಿರ ಹೋದೆ. ಮನೆಯಲ್ಲಿ ಅಪ್ಪನನ್ನು ಕರೆಯುವ ಹಾಗೆ ನಾಯನಾ ಅನ್ನಬೇಕು, ಕಾಲಿಗೆ ಬೀಳಬೇಕು, ಏನಾದರೂ ಮಾಡಬೇಕು.

ಅಪ್ಪ ನನ್ನ ಹಿಂದೆ ನೋಡಿದ. ಆ ಹುಡುಗಿ ಸೈಕಲ್ ತಳ್ಳಿಕೊಂಡು, ಇನ್ನಿಬ್ಬರು ಅವಳ ಜೊತೆ, ಗೇಟಿನಿಂದ ಹೊರಗೆ ಬರುತ್ತಿದ್ದರು. ಬಸ್ಸು ನಿಂತಿತು. ಅವನು ಕಂಬಿ ಹಿಡಿದು, ಬಲಗಾಲನ್ನು ಮೆಟ್ಟಿಲ ಮೇಲಿಟ್ಟು, ಎಡಗಾಲನ್ನು ಮೇಲಕ್ಕೆ ಎಳೆದುಕೊಂಡ. ಹುಟ್ಟಿದಾಗಿನಿಂದ ನನ್ನ ಜೊತೆ ತೆಲುಗು ಬಿಟ್ಟು ಬೇರೆ ಆಡದವನು, ಅವರಿಗೆಲ್ಲ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದ.

"ಹೋಗ್ರಿ ಮೇಡಂ, ನಿಮ್ಗೆ ಸ್ಕೂಲಿಗೆ ಹೊತ್ತಾಗ್ತೈತೆ."