ಕಸೂತಿ ಅಕ್ಕನ ಹಳೇ ಕಂಪ್ಯೂಟರ್

ಹೊಲಿಗೆ ಅಂಗಡಿಗಳ ಆ ಬೀದಿಯಲ್ಲಿ ಆಕೆ ಎಲ್ಲರಿಗೂ ಕಸೂತಿ ಅಕ್ಕ. ಕೋಟಿನ ಜೇಬಿಗೆ, ಟೋಪಿಯ ಮುಂಭಾಗಕ್ಕೆ, ದಿಂಬಿನ ಅಂಚಿಗೆ ಕಂಪ್ಯೂಟರಿನಲ್ಲಿ ಕಸೂತಿಯ ವಿನ್ಯಾಸ ಬರೆಯುವುದು ಆಕೆಯ ಕಸುಬು. ಆ ಕಂಪ್ಯೂಟರಿಗೆ ಇನ್ನೂ ಡಬ್ಬದಂಥ ಪರದೆ. ಅದರೊಳಗಿನ ಸಾಫ್ಟ್‌ವೇರ್ ಮಾಡಿದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯಿತೋ.

"ಅವರು ಹೋದ್ರು, ನಾನಿದೀನಲ್ಲ" ಎನ್ನುತ್ತಾಳೆ ಅಕ್ಕ.

ಇದು ಬರೀ ಹಟವಲ್ಲ. ಬೀದಿಯ ಅಂಗಡಿಗಳಲ್ಲೆಲ್ಲ ಇದೇ ಸಾಫ್ಟ್‌ವೇರ್, ಇದೇ ಕಾಲದ ಕಸೂತಿ ಯಂತ್ರಗಳು. ಬೇರೆ ಬಗೆಯ ಫೈಲನ್ನು ಅವು ಮೂಸಿಯೂ ನೋಡುವುದಿಲ್ಲ.

ಫೈಲ್ ಕೊಡುವುದರಲ್ಲೂ ಆಕೆಗೆ ತನ್ನದೇ ರೀತಿ. ಮೇಲ್ ಇಲ್ಲ, ಫೋನಿನಲ್ಲಿ ಕಳಿಸುವುದಿಲ್ಲ. ಪೆನ್‌ಡ್ರೈವ್ ಹಿಡಿದು ತಾನೇ ಅಂಗಡಿಗೆ ಹೋಗುತ್ತಾಳೆ. ಅವರ ಯಂತ್ರದಲ್ಲಿ ಮೊದಲ ಹೂ ಮೂಡುವವರೆಗೆ ಪಕ್ಕದಲ್ಲೇ ನಿಂತು, ದಾರ ಬಿಗಿಯಾದರೆ ಗದರಿಸಿ, ಆಮೇಲಷ್ಟೇ ಹೊರಡುತ್ತಾಳೆ. ಹೀಗೆ ಬೀದಿಗೆಲ್ಲ ಹಂಚಿದವಳು ತನಗೆಂದು ಇನ್ನೊಂದು ಪ್ರತಿ ಇಟ್ಟುಕೊಂಡಿರಲಿಲ್ಲ.

ಅಮ್ಮನಿಗೆ ಸುಲಭವಾಗಲೆಂದು ಮಗಳು ಹೊಸ ಕಂಪ್ಯೂಟರ್ ತಂದಳು. ವಿನ್ಯಾಸಗಳನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ಬದಲಾಯಿಸಿ, ಗೊಂದಲ ಬೇಡವೆಂದು ಹಳೆಯವನ್ನು ಅಳಿಸಿ, ಅಳಿಸಿದ್ದನ್ನೂ ಉಳಿಯದಂತೆ ಗುಡಿಸಿ ಹಾಕಿದಳು. ಸಂಜೆ ಹೊಸ ಫೈಲ್ ಕೊಟ್ಟರೆ ಅಂಗಡಿಯ ಯಂತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಮೊದಲಿದ್ದ ಹಾಗೇ ಮಾಡೇ."

"ಆಗ್ತಿಲ್ಲಮ್ಮ. ಹಳೇದಕ್ಕೆ ವಾಪಸ್ ಹೋಗೋ ದಾರಿನೇ ಇಲ್ಲ ಇದ್ರಲ್ಲಿ."

ಅಕ್ಕ ಕುರ್ಚಿಯಲ್ಲಿ ಕುಸಿದಳು. ಒಂದು ಆಯುಷ್ಯದ ಕೆಲಸ ಕಣ್ಮರೆಯಾಗಿತ್ತು. ಮಗಳು ಚಪ್ಪಲಿ ಮೆಟ್ಟಿ ಬೀದಿಗಿಳಿದಳು. ಒಂದಂಗಡಿ ಬಿಡದೆ ಹತ್ತಿಳಿದು ನಡೆದದ್ದು ಹೇಳಿದಳು.

ಮರುದಿನ ಬೆಳಿಗ್ಗೆ ಟೋಪಿ ಅಂಗಡಿಯವನು ಪೆನ್‌ಡ್ರೈವ್ ಹಿಡಿದು ಬಂದ. ಅವನ ಹಿಂದೆ ಕೋಟಿನವರು, ದಿಂಬಿನವರು.

"ಊರಿಗೆಲ್ಲ ಟೋಪಿ ಹಾಕೋನು, ನಿನಗೆ ಹಾಕ್ತೀನಾ ಅಕ್ಕ? ನೀನು ಕೊಟ್ಟಿದ್ದು ಒಂದೂ ಕಳೆದಿಲ್ಲ."

ಹಳೇ ಕಂಪ್ಯೂಟರಿನ ಪರದೆಯ ಮೇಲೆ ಅಕ್ಕನ ಬಳ್ಳಿಗಳು, ಹಕ್ಕಿಗಳು ಒಂದೊಂದಾಗಿ ಮೂಡಿದವು. ಒಂದು ಬಳ್ಳಿಯ ಬಳಿ ಆಕೆಯ ಬೆರಳು ನಿಂತಿತು.

"ಈ ಎಲೆ ನನ್ನದಲ್ಲ. ಯಾರ ಕೈಚಳಕ ಇದು?"

ಟೋಪಿಯವನು ತಲೆ ಕೆರೆದುಕೊಂಡ. "ಟೋಪಿ ಅಗಲಕ್ಕೆ ಬಳ್ಳಿ ಸಾಲ್ಲಿಲ್ಲ. ನಮ್ಮನೆಯವಳು ಸೇರಿಸಿದ್ಲು. ನೀನೇ ತಾನೇ ಕಲಿಸಿದ್ದು? ಬೈಯೋದಿದ್ರೆ ನನಗೇ ಬೈದುಬಿಡು."

ಅಕ್ಕ ಕನ್ನಡಕ ಏರಿಸಿ ಬಗ್ಗಿದಳು. ಬಳ್ಳಿ ಬಾಗಿದ ಕಡೆಗೇ ಎಲೆಯೂ ಬಾಗಿತ್ತು; ಹೊಲಿಗೆಗಳು ನರದಗುಂಟ ಸರಿಯಾಗಿ ಓರೆಯಾಗಿದ್ದವು. ಎಲ್ಲಿಯೂ ದಾರ ಗಂಟು ಕಟ್ಟುವಂತಿರಲಿಲ್ಲ. ಆಕೆಯ ಬೆನ್ನು ತಾನಾಗಿ ನೆಟ್ಟಗಾಯಿತು.

"ಅಳಿಸಿಬಿಡ್ಲಾ ಅಮ್ಮ?" ಎಂದಳು ಮಗಳು.

"ಅಳಿಸಿದ್ದು ಸಾಲದಾ ನಿನಗೆ? ಎಲೆ ಇರ್ಲಿ. ಎರಡು ಪ್ರತಿ ಮಾಡು. ಫೈಲಿಗೆ ನನ್ನ ಹೆಸರಿನ ಜತೆ ಅವಳದ್ದೂ ಹಾಕು."

ಟೋಪಿಯವನು ಹೆಂಡತಿಯನ್ನು ಕರೆತರಲು ಬೀದಿಗೆ ಓಡಿದ.