ತೊಳೆದು ಮೇಲಿಟ್ಟ ಕೂರಿಗೆ

ಭತ್ತದ ಹೊಟ್ಟು ಉರಿಯುವ ಹೊಗೆಗೆ ಒಂದು ವಾಸನೆಯಿದೆ. ಅದರ ಜೊತೆಗೆ ಕಾದ ಮರಳಿನ ಬಿಸಿ, ಆ ಮರಳಿನಲ್ಲಿ ಉಪ್ಪು ಹಚ್ಚಿದ ಅಕ್ಕಿ ಚಟಚಟನೆ ಅರಳಿ ಮಂಡಕ್ಕಿಯಾಗುವಾಗ ಏಳುವ ಘಮ, ಇಷ್ಟು ಸೇರಿದರೆ ನನ್ನ ಬಾಲ್ಯ. ಮೊನ್ನೆ ನಸುಕಿನಲ್ಲಿ, ಟ್ಯಾಂಕಿಗೆ ನೀರು ಏರುತ್ತಿದೆಯೋ ಇಲ್ಲವೋ ನೋಡೋಣವೆಂದು ಕೆ.ಬಿ. ಬಡಾವಣೆಯ ನಮ್ಮ ಮನೆಯ ತಾರಸಿಗೆ ಹೋದಾಗ ಗಾಳಿ ಆ ವಾಸನೆಯನ್ನು ಎಲ್ಲಿಂದಲೋ ಹೊತ್ತು ತಂದಿತು. ಕೆಳಗೆ ಬೀದಿದೀಪಗಳು ಕಣ್ಣು ಕುಕ್ಕುವಂತೆ ಉರಿಯುತ್ತಿದ್ದವು. ಆಕಾಶ ಹೆಚ್ಚೂಕಡಿಮೆ ಖಾಲಿ. ಐವತ್ತು ದಾಟಿದವಳು, ಮಂಡಿನೋವಿನವಳು, ನೀರಿನ ಯೋಚನೆ ಬಿಟ್ಟು ಪಡುವಣಕ್ಕೆ ತಿರುಗಿ ಕತ್ತೆತ್ತಿ ನಿಂತೆ. ಸಾಲಾಗಿ ಮೂರು ಚುಕ್ಕಿ, ಮಸುಕಾಗಿ, ಆದರೆ ಇದ್ದವು. ಅಬ್ಬಾ, ಇನ್ನೂ ಅಲ್ಲೇ ಇವೆಯಲ್ಲ ಎಂದು ಖುಷಿಯಾಯಿತು.

ಇದೇ ಊರಿನ ಆನೆಕೊಂಡದಲ್ಲಿದ್ದ ನಮ್ಮ ಮನೆಯ ಜಾಗದಲ್ಲಿ ಈಗ ಯಾರದೋ ಗೋದಾಮು ಇದೆ. ಆಗ ಅಲ್ಲಿ ಮುಂದೆ ಮಾಳಿಗೆ ಮನೆ, ನಡುವೆ ಅಂಗಳ, ಅಂಗಳದ ಒಂದು ಬದಿಗೆ ಅಜ್ಜನ ಮಂಡಕ್ಕಿ ಭಟ್ಟಿ, ಹಿಂದೆ ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸರ ಸಾಲುಮನೆಗಳು. ಗಿರಣಿಯ ಸೈರನ್ ಕೂಗಿ ಪಾಳಿಯವರು ಬೀದಿಗೆ ಇಳಿಯುವಷ್ಟರಲ್ಲಿ ಬಿಸಿ ಮಂಡಕ್ಕಿಯ ಚೀಲಗಳು ಅಂಗಡಿ ಮುಟ್ಟಿರಬೇಕು. ಹಾಗಾಗಿ ಒಲೆಗೆ ಬೆಂಕಿ ಬೀಳುವುದು ಸೈರನ್ನಿಗಿಂತ ಎಷ್ಟೋ ಮೊದಲು. ಆ ಹೊತ್ತು ಹೇಳುತ್ತಿದ್ದವಳು ಅಜ್ಜಿ. ಅಂಗಳದಲ್ಲಿ ಮಲಗಿದಲ್ಲಿಂದಲೇ ಆಕಾಶ ನೋಡಿ, “ಎದ್ದೇಳ್ರೇ, ಕೂರಿಗೆ ವಾಲೇತೆ” ಎಂದು ರಾಗವಾಗಿ ಕೂಗುತ್ತಿದ್ದಳು. ಹಿಂದಿನ ಸಾಲಿನಿಂದ ಹಸೀನಾಬಿ “ಬಂದೆ ಅಜ್ಜಿ” ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಈ ಎರಡು ಮಾತಿನಿಂದ.

ಕೂರಿಗೆ ಎಂದರೆ ಆ ಮೂರು ಚುಕ್ಕಿ. ಅಜ್ಜಿ ಕುಕ್ಕುವಾಡದ ಒಕ್ಕಲು ಮನೆತನದವಳು. ಬೀಜ ಬಿತ್ತುವ ಕೂರಿಗೆಯಲ್ಲಿ ನೆಲಕ್ಕೆ ಇಳಿಯುವ ಮೂರು ತಾಳುಗಳಂತೆ ಸಮವಾಗಿ ನಿಂತ ಆ ಚುಕ್ಕಿಗಳ ಹೆಸರನ್ನು ತವರಿನಿಂದ ತಂದಿದ್ದಳು. ಅದು ಅಲ್ಲಿಗೆ ಹೋದದ್ದು ಹೇಗೆಂದು ಕೇಳಿದರೆ, “ಬಿತ್ತಿಗಿ ಮುಗಿದ ಮ್ಯಾಲೆ ಕೂರಿಗೆ ತೊಳದು ಮ್ಯಾಲಿಡ್ತಾರಲ್ಲ, ದೇವ್ರೂ ಹಂಗೇ ಇಟ್ಟಾನೆ” ಅನ್ನುತ್ತಿದ್ದಳು. ಹುಡುಗಾಟದ ಮಾತೆಂದುಕೊಂಡಿದ್ದೆ. ಎಷ್ಟೋ ವರ್ಷಗಳ ಮೇಲೆ ಗಮನಿಸಿದೆ: ರೋಹಿಣಿ, ಮೃಗಶಿರ ಮಳೆಯ ಬಿತ್ತನೆಯ ದಿನಗಳಲ್ಲಿ ಆ ಚುಕ್ಕಿಗಳು ಆಕಾಶದಲ್ಲಿ ಕಾಣುವುದೇ ಇಲ್ಲ. ಬಿತ್ತನೆ ಮುಗಿಯುತ್ತ ಬಂದಾಗ ನಸುಕಿನಲ್ಲಿ ಮೂಡಣಕ್ಕೆ ಮತ್ತೆ ಹುಟ್ಟುತ್ತವೆ. ಅವು ಕಾಣದ ತಿಂಗಳುಗಳಲ್ಲಿ ಅಜ್ಜಿ ಬೇರೆ ಚುಕ್ಕಿ ನೋಡಿ ಕೂಗುತ್ತಿದ್ದಳು. ಬೇಸಿಗೆಯ ಸಂಜೆ ಮಾಳಿಗೆಯ ಮೇಲೆ ಊಟಕ್ಕೆ ಕೂತಾಗ ಬಡಗಣದಲ್ಲಿ ಕಾಣುತ್ತಿದ್ದ ಏಳು ಚುಕ್ಕಿ ಅವಳಿಗೆ ಮಂಚ. ನಾಲ್ಕು ಕಾಲು, ಹೊತ್ತೊಯ್ಯುತ್ತಿರುವ ಮೂವರು ಕಳ್ಳರು. ಮಂಚದ ಒಡತಿಯಾದ ಮುದುಕಿ ಕೆಳಗೊಂದು ಕಡೆ ಅಲ್ಲಾಡದ ಒಂಟಿ ಚುಕ್ಕಿಯಾಗಿ ಕೂತಿದ್ದಾಳೆ. ಅವಳು ಎಚ್ಚರವಿರುವ ತನಕ ಕಳ್ಳರು ಸುತ್ತಬೇಕೇ ಹೊರತು ದಾಟಿ ಹೋಗುವಂತಿಲ್ಲ. ಶಾಲೆಯಲ್ಲಿ ಅವು ಏಳು ಋಷಿಗಳೆಂದು ಕಲಿತು ಬಂದು ನಾನು ತಿದ್ದಿದಾಗ ಅಜ್ಜಿ ತಟ್ಟೆಯಿಂದ ತಲೆ ಎತ್ತದೆ, “ಇರಬೌದು ಬಿಡು. ಋಷಿಗಳಿಗೂ ಮಲಗಾಕೆ ಮಂಚ ಬೇಕಲ್ಲ” ಎಂದಳು. ಹರಿಹರದಲ್ಲಿ ಹುಟ್ಟಿ ಬೆಳೆದ ಹಸೀನಾಬಿಗೆ ಆಕಾಶದ ನಡುವಿನ ಬಿಳಿ ಪಟ್ಟೆ ಬೇಸಿಗೆಯ ತುಂಗಭದ್ರೆ, ನೀರು ಕಡಿಮೆ, ಉಸುಕು ಜಾಸ್ತಿ. ಒತ್ತೊತ್ತಾಗಿ ಮಿನುಗುವ ಕೃತ್ತಿಕೆಗೆ ಹಿಡಿಮಂಡಕ್ಕಿ ಎಂದು ಹೆಸರಿಟ್ಟವಳು ನಾನೇ. ಆ ಅಂಗಳದಲ್ಲಿ ಅದು ಹಾಗೆಯೇ ನಡೆಯಿತು.

ಬೆಳ್ಳಿಚುಕ್ಕಿಯ ಹಾಗೆಯೇ ಹೊಳೆದು, ಅದಕ್ಕಿಂತ ಮೊದಲೇ ಹುಟ್ಟಿ ಜನರಿಗೆ ಮೋಸ ಮಾಡುವ ಇನ್ನೊಂದಕ್ಕೆ ಅಜ್ಜಿ ಕಳ್ಳಬೆಳ್ಳಿ ಅನ್ನುತ್ತಿದ್ದಳು. ಅದನ್ನು ನಂಬಿ ಗಾಡಿ ಕಟ್ಟಿದವರ ಫಜೀತಿಯನ್ನು ನಗುನಗುತ್ತಾ ಹೇಳುತ್ತಿದ್ದಳು. ನನಗೆ ಹತ್ತು ವರ್ಷವಿದ್ದಾಗ, ಒಂದು ಕಾರ್ತೀಕದಲ್ಲಿ, ಅದೇ ಕಳ್ಳಬೆಳ್ಳಿಯನ್ನು ಅವಳೇ ನಂಬಿದಳು. ಕೂಗಿದಳು, ಎಲ್ಲರೂ ಎದ್ದರು, ಒಲೆ ಹತ್ತಿತು, ಮರಳು ಕಾಯಿತು, ದಿನದ ಅಕ್ಕಿಯೆಲ್ಲ ಹುರಿದು ಮುಗಿಯಿತು. ಕೋಳಿ ಕೂಗಲಿಲ್ಲ. ಹೆಂಗಸರು ಚೀಲಗಳಿಗೆ ಒರಗಿ ಇನ್ನೊಂದು ನಿದ್ದೆ ತೆಗೆದ ಮೇಲೆ ಸೈರನ್ ಆಯಿತು. “ಬೆಳ್ಳಿಗೂ ವಯಸ್ಸಾತು ಬಿಡ್ರಿ ಅಜ್ಜಿ” ಎಂದು ಹಸೀನಾಬಿ ನಕ್ಕಳು. ಎಲ್ಲರೂ ನಕ್ಕರು, ಅಜ್ಜಿ ನಗಲಿಲ್ಲ. ಆ ವಾರವೇ ಅಜ್ಜ ಪೇಟೆಯಿಂದ ಒಂದು ಅಲಾರಾಂ ಗಡಿಯಾರ ತಂದ. ಅಜ್ಜಿ ಅದನ್ನು ನೋಡಿ, “ಯಾಕ್ರಿ, ನಾ ಸತ್ತೀನೇನು?” ಎಂದಳು. ಅವತ್ತು ಊಟ ಮಾಡಲಿಲ್ಲ. ಅಜ್ಜ ಗಡಿಯಾರವನ್ನು ಒಳಗೆ ಇಟ್ಟ. ಭಟ್ಟಿ ಅಜ್ಜನದು, ಕೆಲಸ ಹೆಂಗಸರದು. ಅಲ್ಲಿ ಅಜ್ಜಿಗೆ ತನ್ನದು ಅಂತ ಇದ್ದದ್ದು ಆ ಕೂಗೊಂದೇ. ಅದು ಹೋದರೆ ತಾನು ಯಾತಕ್ಕೆ ಎಂಬ ಭಯ ಅವಳಿಗೆ ಹತ್ತಿತ್ತು ಎಂದು ಈಗ ಅರ್ಥವಾಗುತ್ತದೆ.

ಕಣ್ಣಿಗೆ ಪೊರೆ ಬಂದು ಕೂರಿಗೆ ಕಾಣದಾಗಿತ್ತು, ಜೋರಾಗಿ ಹೊಳೆಯುವುದಷ್ಟೇ ಕಾಣುತ್ತಿತ್ತು. ಅದನ್ನು ಅವಳು ನನಗೊಬ್ಬಳಿಗೆ ಹೇಳಿದಳು, ಅದೂ ಒಂದು ಉಂಡೆ ಬೆಲ್ಲ ಕೈಗಿಟ್ಟು. “ಕಣ್ಣು ಮಂಜಾತು. ಲೆಕ್ಕ ಮಂಜಾಗಿಲ್ಲ” ಎಂದಳು. ಅಂದಿನಿಂದ ಅವಳ ಮಗ್ಗುಲಲ್ಲಿ ಮಲಗಿದ ನನ್ನನ್ನು ನಸುಕಿನಲ್ಲಿ ಮೆಲ್ಲಗೆ ತಿವಿಯುತ್ತಿದ್ದಳು: “ಕೂರಿಗೆ ಎಲ್ಲೈತೆ ನೋಡವ್ವ.” ನಾನು ಒಂದು ಕಣ್ಣು ತೆರೆದು, ತೆಂಗಿನ ಗರಿಯ ಮೇಲೆ ಎರಡು ಗೇಣು ಎಂದೋ, ಗರಿಗೆ ಬಂದೈತೆ ಎಂದೋ ಹೇಳಿ ಮತ್ತೆ ಮಲಗುತ್ತಿದ್ದೆ. ತಿಂಗಳು, ಪಕ್ಷ ಎಲ್ಲ ಅವಳ ತಲೆಯಲ್ಲಿತ್ತು. ಇನ್ನಷ್ಟು ಹೊತ್ತು ಕಾದು, ಸರಿಯಾಗಿ ಕೂಗುತ್ತಿದ್ದಳು. ಎರಡು ವರ್ಷ ಹೀಗೆ ನಡೆಯಿತು. ಮನೆಯವರ ಕಣ್ಣಿಗೆಲ್ಲ ಮಣ್ಣೆರಚಿದ್ದೇವೆಂದು ನಾವಿಬ್ಬರೂ ಹಿಗ್ಗುತ್ತಿದ್ದೆವು.

ಒಂದು ನಸುಕಿನಲ್ಲಿ ಚಳಿಯಾಗಿ, ಅಜ್ಜಿ ಕೂಗುವ ಮೊದಲೇ ಕಂಬಳಿ ತರಲು ಅಜ್ಜನ ಕೋಣೆಗೆ ಹೋದೆ. ದಿಂಬಿನ ಅಡಿಯಿಂದ ಟಿಕ್ ಟಿಕ್ ಸದ್ದು. ಅಜ್ಜಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಗಡಿಯಾರ. ಅಜ್ಜ ಅಂಗಿ ತೊಟ್ಟು, ರುಮಾಲು ಸುತ್ತಿಕೊಂಡು, ತಯಾರಾಗಿ ಮಲಗಿದ್ದ. ಕಣ್ಣು ತೆರೆದೇ ಇದ್ದವು. ನಾನು ಬಾಯಿ ತೆರೆಯುವಷ್ಟರಲ್ಲಿ, “ತಡಿ, ಆಕಿ ಕೂಗ್ಲಿ” ಎಂದು ಪಿಸುಗುಟ್ಟಿದ. ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಹೊರಗೆ ಅಜ್ಜಿಯ ರಾಗ ಎದ್ದಿತು. ಅಜ್ಜ ಆಗ ತಾನೇ ಎಚ್ಚರವಾದವನಂತೆ ಜೋರಾಗಿ ಆಕಳಿಸಿ ಎದ್ದು ಹೋದ. ಇಬ್ಬರ ಗುಟ್ಟೂ ನನ್ನ ಹೊಟ್ಟೆಯಲ್ಲೇ ಉಳಿಯಿತು. ಅಷ್ಟು ಸುಖವಾದ ಭಾರವನ್ನು ನಾನು ಆಮೇಲೆ ಹೊತ್ತಿಲ್ಲ.

ಅಜ್ಜಿ ಒಂದು ಮಾರ್ಗಶಿರದಲ್ಲಿ, ಹಗಲು ಹೊತ್ತು, ಉಂಡು ಅಡ್ಡಾದವಳು ಏಳಲಿಲ್ಲ. ಶಿವಗಣಾರಾಧನೆ ಮುಗಿಯುವ ತನಕ ಒಲೆ ಹಚ್ಚಲಿಲ್ಲ. ಮರುದಿನ ನಸುಕಿನಲ್ಲಿ ಅಜ್ಜನ ಕೋಣೆಯಿಂದ ಗಂಟೆ ಕೇಳಿಸಿತು. ಬಟ್ಟೆ ಬಿಚ್ಚಿದ ಗಡಿಯಾರ ಆ ಮನೆಯಲ್ಲಿ ಗಟ್ಟಿಯಾಗಿ ಸದ್ದು ಮಾಡಿದ್ದು ಅದೇ ಮೊದಲು. ಅಜ್ಜ ಅದನ್ನು ಹಿಡಿದುಕೊಂಡೇ ಅಂಗಳಕ್ಕೆ ಬಂದು, ಅಜ್ಜಿ ಮಲಗುತ್ತಿದ್ದ ಜಾಗದಲ್ಲಿ, ನನ್ನ ಮಗ್ಗುಲಿಗೆ ಕೂತ. ಹೊತ್ತು ಎಷ್ಟೆಂದು ಅವನ ಕೈಯಲ್ಲೇ ಇತ್ತು. ಆದರೂ ಕೇಳಿದ, “ಕೂರಿಗೆ ಎಲ್ಲೈತೆ ನೋಡವ್ವ.”

“ಗರಿಗೆ ಬಂದೈತೆ ಅಜ್ಜ.”

“ಹಂಗಾದ್ರೆ ಕೂಗು ಮತ್ತೆ.”

ನನಗೆ ಗೊತ್ತಿದ್ದದ್ದು ಅವಳ ರಾಗ ಒಂದೇ. ಅದರಲ್ಲೇ ಕೂಗಿದೆ. ಹಿಂದಿನ ಸಾಲಿನಿಂದ, ನಿದ್ದೆಗಣ್ಣಿನಲ್ಲೇ, ಹಸೀನಾಬಿ “ಬಂದೆ ಅಜ್ಜಿ” ಎಂದಳು. ಆಮೇಲೆ ತುಸು ಹೊತ್ತು ಯಾವ ಬಾಗಿಲೂ ತೆರೆಯಲಿಲ್ಲ. ಅಜ್ಜ ನನ್ನ ತಲೆ ಸವರಿ, ಒಲೆಗೆ ಹೊಟ್ಟು ಹಾಕಲು ಎದ್ದ.