ಮೂರು ಹಸಿರಿನ ಗೋಡೆ

ಪೇಂಟರ್ ಕೆಲಸ ಮಾಡುತ್ತಿದ್ದ ಅವನಿಗೆ ಅಂದಾಜಣ್ಣ ಎಂಬ ಅಡ್ಡಹೆಸರು ಬಿದ್ದು ಇಪ್ಪತ್ತು ವರ್ಷವಾಗಿತ್ತು. ಎಷ್ಟು ನೀಲಿ, ಎಷ್ಟು ಹಳದಿ ಎಂದು ಯಾರು ಕೇಳಿದರೂ "ಅಂದಾಜಿಗೆ ಹಾಕ್ತೀನಿ" ಎನ್ನುತ್ತಿದ್ದ. ಒಂದೇ ಬಕೆಟ್ಟಿನಲ್ಲಿ ಮುಗಿಯುವ ಸಣ್ಣ ಕೋಣೆಗಳಾದ್ದರಿಂದ ಬಂಡಿ ಹೇಗೋ ಸಾಗಿತ್ತು.

ಶಾಲೆಯ ಉದ್ದನೆಯ ಗೋಡೆಗೆ ಒಂದು ಬಕೆಟ್ ಸಾಲಲಿಲ್ಲ. ಮೊದಲ ದಿನದ ಹಸಿರು ಗಿಳಿಯಂತಿತ್ತು, ಎರಡನೆಯ ದಿನದ್ದು ಪಾಚಿಯಂತೆ, ಮೂರನೆಯ ದಿನದ್ದು ಯಾವುದರಂತೆಯೂ ಇರಲಿಲ್ಲ. ಗೋಡೆಗೆ ಸೊಪ್ಪಿನ ಅಂಗಡಿಯ ಕಳೆ ಬಂತು. ಜೊತೆಗೇ ಕೆಲಸ ಮಾಡುವ ಹೆಂಡತಿ ಗೋಡೆಯನ್ನೂ ಗಂಡನನ್ನೂ ನೋಡಿ, "ರೀ, ಇದು ಒಂದು ಶಾಲೆನೋ, ಮೂರು ಶಾಲೆನೋ?" ಎಂದಳು.

ಮುಖ್ಯ ಶಿಕ್ಷಕಿ ಬಂದು ನೋಡಿದರು. ಬೈಯಲಿಲ್ಲ.

"ಮೊದಲ್ನೇ ದಿನದ್ದೇ ಚೆನ್ನಾಗಿದೆ. ಅದನ್ನೇ ಪೂರ್ತಿ ಬಳೀರಿ. ಯಾವ್ದು ಎಷ್ಟು ಹಾಕಿದ್ರಿ?"

"ಬಕೆಟ್ಟಿಗೆ ಅರ್ಧ ಹಳದಿ, ಮೇಡಂ. ನೀಲಿ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಉಳಿದಿದ್ದು ಬಿಳಿ."

"ಸ್ವಲ್ಪ ಅಂದ್ರೆ ಎಷ್ಟು?"

"ಅದು ಗೊತ್ತಿದ್ರೆ ನಾನ್ಯಾಕೆ ಮೂರು ಹಸಿರು ಮಾಡ್ತಿದ್ದೆ?"

ನಾಲಿಗೆ ಕಚ್ಚಿಕೊಂಡು ಇದ್ದದ್ದನ್ನು ಹೇಳಿಬಿಟ್ಟ. ನಾಲ್ಕನೆಯ ತರಗತಿಯಲ್ಲಿ ಭಿನ್ನರಾಶಿ ಶುರುವಾದ ವಾರವೇ ಅವನಿಗೆ ಮಂಗನಬಾವು ಬಂದಿತ್ತು. ಊದಿದ ಕೆನ್ನೆ ಇಳಿಯುವಷ್ಟರಲ್ಲಿ ಪಾಠ ಎಲ್ಲಿಗೋ ಹೋಗಿತ್ತು. ಕೇಳಲು ನಾಚಿಕೆ. ಮಾರನೆಯ ವರ್ಷ ಅಪ್ಪನ ಜೊತೆ ಬ್ರಷ್ ಹಿಡಿದ. ಪೂರ್ಣಸಂಖ್ಯೆ ಕೂಡುವುದು, ಕಳೆಯುವುದು ನೀರು ಕುಡಿದಷ್ಟು ಸುಲಭ. ಗೆರೆಯ ಮೇಲೊಂದು ಕೆಳಗೊಂದು ಅಂಕಿ ಕಂಡರೆ ಮಾತ್ರ ಈಗಲೂ ಬೆವರು.

"ಊಟದ ಬಿಡುವಲ್ಲಿ ಬನ್ನಿ ಅಣ್ಣ, ಇಬ್ರೂ ಬನ್ನಿ" ಎಂದರು ಶಿಕ್ಷಕಿ.

ಖಾಲಿ ತರಗತಿಯಲ್ಲಿ ಅವರು ಸೀಮೆಸುಣ್ಣ ಮುಟ್ಟಲಿಲ್ಲ. ಅವನ ಬಕೆಟ್ಟನ್ನೇ ಎದುರಿಗಿಟ್ಟು, ಒಳಗೆ ತಳದಿಂದ ಬಾಯಿಯವರೆಗೆ, ಸಮನಾಗಿ ಆರು ಮನೆ ಗೆರೆ ಎಳೆದ ಕಾಗದದ ಪಟ್ಟಿ ಅಂಟಿಸಿದರು.

"ಇದರಲ್ಲಿ ಅರ್ಧ?"

"ಮೂರು ಮನೆ."

"ನೀಲಿ ಅದಕ್ಕಿಂತ ಕಮ್ಮಿ ಅಂದ್ರಲ್ಲ, ಮೂರನೇ ಒಂದು ಪಾಲು ಹಾಕಿ ನೋಡೋಣ. ಅದೆಷ್ಟು ಮನೆ?"

"ಅದೂ... ಮೂರೇನಾ?"

ಹೆಂಡತಿ ಕಿಸಕ್ಕನೆ ನಕ್ಕಳು. ಶಿಕ್ಷಕಿ ನಗಲಿಲ್ಲ. "ಆರನ್ನ ಮೂರು ಜನ ಸಮನಾಗಿ ಹಂಚ್ಕೊಂಡ್ರೆ ಒಬ್ಬರಿಗೆಷ್ಟು?"

"ಎರಡು." ಅವನು ಬಕೆಟ್ಟಿನೊಳಕ್ಕೇ ಬಗ್ಗಿದ. "ಅಂದ್ರೆ ಹಳದಿ ಮೂರು, ನೀಲಿ ಎರಡು. ಉಳಿದಿದ್ದು ಆರರಲ್ಲಿ ಒಂದು. ಅದು ಬಿಳಿ."

ಹಾಗೆಯೇ ಅಳೆದು ಒಂದು ಡಬ್ಬಿಯಷ್ಟು ಬೆರೆಸಿ, ಗಿಳಿಹಸಿರಿನ ಮೇಲೆ ಹಚ್ಚಿದ. ಒಣಗಿದ ಮೇಲೆ ಎಲ್ಲಿ ಹಚ್ಚಿದ್ದೆಂದು ಅವನಿಗೇ ಸಿಗಲಿಲ್ಲ.

ಗೋಡೆ ಮುಗಿಸಲು ಇನ್ನೂ ಏಳೂವರೆ ಬಕೆಟ್ ಬೇಕಿತ್ತು. ಮಕ್ಕಳ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತು, ಶಿಕ್ಷಕಿ ತೋರಿಸಿಕೊಟ್ಟಂತೆ ಲೆಕ್ಕ ಬರೆದ. ಹಳದಿ ಮೂರೂಮುಕ್ಕಾಲು, ನೀಲಿ ಎರಡೂವರೆ, ಬಿಳಿ ಒಂದೂಕಾಲು. ಕೂಡಿದ. ಏಳೂವರೆ. ನಂಬಿಕೆಯಾಗದೆ ಕೆಳಗಿನಿಂದ ಮೇಲಕ್ಕೆ ಕೂಡಿದ. ಏಳೂವರೆಯೇ. ನಲವತ್ತೆಂಟು ವರ್ಷದ ಗಂಡಸು ಆ ಹಾಳೆಯನ್ನು ಹೆಂಡತಿಯ ಮುಖಕ್ಕೆ ಹಿಡಿದು, "ನೋಡೇ, ಸರಿಹೋಯ್ತು" ಎಂದ.

ನಾಲ್ಕು ದಿನದಲ್ಲಿ ಗೋಡೆ ಈ ತುದಿಯಿಂದ ಆ ತುದಿಗೆ ಒಂದೇ ಹಸಿರಾಯಿತು. ಕೆಲಸ ಮುಗಿದರೂ ಇಬ್ಬರೂ ಇನ್ನೊಂದು ವಾರ ಊಟದ ಬಿಡುವಿಗೆ ಪಾಠಕ್ಕೆ ಬಂದರು. ಭಿನ್ನರಾಶಿಯ ಗುಣಾಕಾರದಲ್ಲಿ ಹೆಂಡತಿ ಅವನಿಗಿಂತ ಚುರುಕು.

"ಮುಕ್ಕಾಲಲ್ಲಿ ಅರ್ಧ ಎಷ್ಟು, ಹೇಳಿ ನೋಡೋಣ" ಎಂದು ದಾರಿಯಲ್ಲಿ ಕೆಣಕಿದಳು.

"ತಾಳು, ನೀನು ಹೇಳ್ಬೇಡ" ಎಂದು ಅವನು ರಸ್ತೆಯ ತಿರುವಿನಲ್ಲೇ ನಿಂತು, ಬಣ್ಣ ಹತ್ತಿದ ಬೆರಳು ಮಡಿಸತೊಡಗಿದ.